ಎಳ್ಳಮಾವಾಸ್ಯೆಯ ಹೊಲದಿಂದ ಊರ ಕಲ್ಲಿನವರೆಗೆ

ಮಾರ್ಗಶಿರದ ಅಮಾವಾಸ್ಯೆಯ ದಿನ ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಗೆ ಹೊಸಬರು ಯಾರಾದರೂ ಬಂದಿಳಿದರೆ, ಊರುಗಳು ಬಿಕೋ ಎನ್ನುತ್ತಿರುವುದನ್ನು ಕಂಡು ಏನೋ ಅನಾಹುತವಾಗಿರಬೇಕೆಂದು ಗಾಬರಿಗೊಂಡಾರು. ಅಂಗಡಿಗಳಿಗೆ ಬೀಗ, ಬೀದಿಯಲ್ಲಿ ನಾಯಿಗಳ ಹೊರತು ಮತ್ತಾರೂ ಇಲ್ಲ. ಅನಾಹುತವೇನೂ ಆಗಿರುವುದಿಲ್ಲ. ಊರಿಗೆ ಊರೇ ಎತ್ತಿನ ಗಾಡಿ, ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳನ್ನೇರಿ ಹೊಲಕ್ಕೆ ಹೋಗಿರುತ್ತದೆ. ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳು ಪಾಂಡವರಾಗಿ ಕುಳಿತಿರುತ್ತವೆ. ಅವುಗಳ ಮುಂದೆ ಹಸಿ ತೊಗರಿ, ಬಟಾಣಿ, ಕಡಲೆ, ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಮಜ್ಜಿಗೆಯಲ್ಲಿ ಕದಡಿದ ಜೋಳದ ಅಂಬಲಿ, ಉಂಡೆ, ಗೋಧಿಯ ಖೀರು. ಲಾತೂರು ಜಿಲ್ಲೆಯಲ್ಲಿ ಆ ದಿನ ಕಚೇರಿ, ಶಾಲೆಗಳಿಗೆ ಸ್ಥಳೀಯ ರಜೆ ಕೊಡುವ ವಾಡಿಕೆಯೂ ಉಂಟು.

ಬೀದರ, ಕಲಬುರಗಿಗಳಲ್ಲಿ ಬೆಳೆದ ನಮ್ಮ ಓದುಗರಿಗೆ ಇದು ಯಾವ ಹಬ್ಬವೆಂದು ಹೇಳಬೇಕಾಗಿಲ್ಲ. ನಮ್ಮ ಎಳ್ಳಮಾವಾಸ್ಯೆಯೇ ಅದು. ನಮ್ಮ ಮರಾಠಿ ಬಂಧುಗಳು ಇದನ್ನು ‘ವೇಳ ಅಮಾವಾಸ್ಯೆ’ ಎನ್ನುತ್ತಾರೆ, ಆಡುಮಾತಿನಲ್ಲಿ ‘ಯೇಳವಸ’ ಎನ್ನುತ್ತಾರೆ. ಮರಾಠಿಯಲ್ಲಿ ‘ವೇಳ’ವೆಂದರೆ ಹೊತ್ತು, ಆದರೆ ಹೊತ್ತಿಗೂ ಈ ಹಬ್ಬಕ್ಕೂ ಏನು ನಂಟು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಎಳ್ಳು ಎಂಬ ಶಬ್ದವನ್ನು ಬಲ್ಲವನಿಗೆ ಮಾತ್ರ ಈ ತೊಡಕು ತೊಡಕೇ ಅಲ್ಲ. ಪುಣೆ, ನಾಸಿಕಗಳ ಕಡೆಯವರಿಗೆ ಈ ಹಬ್ಬದ ಪರಿಚಯವೇ ಇಲ್ಲ. ಮಹಾರಾಷ್ಟ್ರದಲ್ಲಿ ಇದು ಮುಖ್ಯವಾಗಿ ಲಾತೂರು, ಧಾರಾಶಿವ, ಸೊಲ್ಲಾಪುರಗಳ, ಎಂದರೆ ಕನ್ನಡಕ್ಕೆ ಮೈತಾಗಿದ ನೆಲದ ಹಬ್ಬ.

ಕೆಲವು ವರ್ಷಗಳ ಹಿಂದೆ ಉಮರ್ಗಾದ ಬಳಿಯ ಹಳ್ಳಿಯೊಂದರಲ್ಲಿ ಮಿತ್ರರೊಬ್ಬರ ಹೊಲಕ್ಕೆ ಈ ಹಬ್ಬದೂಟಕ್ಕೆ ಹೋಗಿದ್ದೆ. ಮನೆಮಾತು ಮರಾಠಿ. ಪೂಜೆ ಮುಗಿದ ಮೇಲೆ ಮನೆಯ ಹಿರಿಯರು ಅಂಬಲಿಯ ಮಡಕೆಯನ್ನು ಹಿಡಿದು, ಬೆಳೆಯ ಸುತ್ತ ಚರಗ ಚೆಲ್ಲುತ್ತ, ‘ಓಲಗೆ, ಓಲಗೆ’ ಎಂದು ಕೂಗುತ್ತ ನಡೆದರು. ಶಾಲೆಗೆ ಹೋಗುವ ಮೊಮ್ಮಗ ಹಿಂದೆಯೇ ಓಡುತ್ತಿದ್ದವನು, ‘ಅಜ್ಜಾ, ಹಾಗೆಂದರೇನು?’ ಎಂದು ಕೇಳಿದ. ಅಜ್ಜ ಸಿಟ್ಟಾಗಲಿಲ್ಲ, ‘ನನ್ನಜ್ಜ ಹೀಗೆಯೇ ಕೂಗುತ್ತಿದ್ದ’ ಎಂದಷ್ಟೇ ಹೇಳಿದರು. ಆಗ ನಾನು ಬಾಯಿ ಹಾಕಿದೆ. ಗಡಿಯಾಚೆ ಬೀದರ ಜಿಲ್ಲೆಯಲ್ಲಿರುವ ನನ್ನ ಸೋದರಮಾವನ ಹೊಲದಲ್ಲಿಯೂ ಇದೇ ದಿನ, ಇದೇ ಹೊತ್ತಿನಲ್ಲಿ, ಇದೇ ರಾಗದಲ್ಲಿ ‘ಹುಲಿಗ್ಯೋ, ಹುಲಿಗ್ಯೋ’ ಎಂದು ಕೂಗುತ್ತಾರೆಂದು ಹೇಳಿದೆ. ಹಿರಿಯರು ಮಡಕೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅರ್ಥವನ್ನು ನಾನೂ ಹೇಳಲಾರದೆ ಹೋದೆ. ನಮ್ಮ ಮನೆಯಲ್ಲಿಯೇ ಒಬ್ಬರು ಅದನ್ನು ಹುಲಿಗೆ ಜೋಡಿಸುತ್ತಾರೆ, ಇನ್ನೊಬ್ಬರು ಹೋಳಿಗೆಗೆ ಜೋಡಿಸುತ್ತಾರೆ. ಆದರೆ ಆ ಹುಡುಗನ ಕಣ್ಣು ಅರಳಿದ್ದು ಅರ್ಥದಿಂದಲ್ಲ. ತನ್ನ ಅಜ್ಜನ ಕೂಗಿಗೆ ಆರು ಹರದಾರಿ ಆಚೆಯಿಂದ ಯಾರೋ ಮಾರುಲಿ ಕೊಡುತ್ತಿದ್ದಾರೆಂಬ ಸುದ್ದಿಯಿಂದ.

ಹಳ್ಳಿಯ ಪರಂಪರೆಯನ್ನು ಹಳ್ಳಿಯವರಿಗೆ ಪರಿಚಯಿಸುವ ಕೆಲಸದ ಬಗೆಗೆ ಇತ್ತೀಚೆಗೆ ಬಹಳ ಮಾತು ಕೇಳಿಬರುತ್ತಿದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಹುಡುಗನ ನೆನಪಾಗುತ್ತದೆ. ನಾವು ಸಾಮಾನ್ಯವಾಗಿ ಕೆಲಸವನ್ನು ತಿರುವುಮುರುವಾಗಿ ಆರಂಭಿಸುತ್ತೇವೆ: ಮೊದಲು ಕೋಟೆ, ಆಮೇಲೆ ಗುಡಿ, ಪುರುಸೊತ್ತಾದರೆ ಕಲ್ಲು, ಕೊನೆಗೆ ಎಂದಾದರೂ ಮನುಷ್ಯರು. ಉದಗೀರದ ಕೋಟೆಗೇನು, ಅದನ್ನು ಕುರಿತು ಬರೆದವರು ಬೇಕಾದಷ್ಟು ಜನರಿದ್ದಾರೆ. ೧೭೬೦ರ ಫೆಬ್ರುವರಿಯಲ್ಲಿ ಸದಾಶಿವರಾವ ಭಾವೂ ಅಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಶಾಲೆಯ ಪುಸ್ತಕಗಳಲ್ಲಿಯೇ ಇದೆ. ಪುಸ್ತಕ ಸೇರದೆ ಉಳಿದದ್ದು ಹೊಲದಲ್ಲಿದೆ, ಹಟ್ಟಿಯಲ್ಲಿದೆ, ಬಾವಿಯ ಕಟ್ಟೆಯಲ್ಲಿದೆ.

ಗುಡಿಗಳ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಉಮರ್ಗಾ ಪಟ್ಟಣದ ಮಹಾದೇವ ದೇವಾಲಯವನ್ನೂ ನಿಲಂಗಾದ ನೀಲಕಂಠೇಶ್ವರ ದೇವಾಲಯವನ್ನೂ ನೋಡದವರು ಒಮ್ಮೆ ನೋಡಬೇಕು. ನಿಲಂಗಾದ್ದು ತ್ರಿಕೂಟ. ಒಂದು ಗರ್ಭಗೃಹದಲ್ಲಿ ಲಿಂಗ, ಇನ್ನೊಂದರಲ್ಲಿ ವಿಷ್ಣು, ಮತ್ತೊಂದರಲ್ಲಿ ಉಮಾಮಹೇಶ್ವರ. ಮೂವರಿಗೂ ಸೇರಿ ಒಂದೇ ಮಂಟಪ. ಹೊರಗೋಡೆಯ ಮದನಿಕೆಯರನ್ನು ಕಂಡವರಿಗೆ ಬಸವಕಲ್ಯಾಣದ ಬಳಿಯ ನಾರಾಯಣಪುರ, ಹುಮನಾಬಾದ ಕಡೆಯ ಜಲಸಂಗಿಗಳ ನೆನಪು ಬಾರದೆ ಇರದು. ಜಲಸಂಗಿಯಲ್ಲಿ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯುಂಟಷ್ಟೆ? ಅವಳ ಅಕ್ಕತಂಗಿಯರು ಇವರು. ಉಮರ್ಗಾದಿಂದ ಕಲ್ಯಾಣಕ್ಕೆ ೫೦ ಕಿಲೋಮೀಟರಿಗಿಂತ ಹೆಚ್ಚೇನೂ ಇಲ್ಲ. ರಾಜಧಾನಿಯ ಶಿಲ್ಪಿಗಳ ಕೈ ಇಷ್ಟು ದೂರ ಚಾಚಿದ್ದರೆ ಆಶ್ಚರ್ಯವೇನು? ಆದರೆ ಊರವರನ್ನು ಕೇಳಿ ನೋಡಿ: ‘ಹೇಮಾಡಪಂತಿ ಗುಡಿ’ ಎನ್ನುತ್ತಾರೆ. ಹೇಮಾದ್ರಿ ಪಂಡಿತನು ದೇವಗಿರಿಯ ಯಾದವರ ಮಂತ್ರಿ, ಹದಿಮೂರನೆಯ ಶತಮಾನದವನು. ಅವನು ಹುಟ್ಟುವುದಕ್ಕೆ ಮೊದಲೇ ಕಟ್ಟಿದ ಗುಡಿಗಳೂ ಅವನ ಖಾತೆಗೆ ಜಮೆಯಾಗಿವೆ! ಇಲ್ಲವಾದರೆ ಪಾಂಡವರು ಕೋಳಿ ಕೂಗುವುದರೊಳಗೆ ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬ ಕತೆ. ಈ ಕತೆಯನ್ನು ನಾನು ನಗೆಯಾಡುವುದಿಲ್ಲ. ಅದನ್ನೂ ಬರೆದಿಟ್ಟುಕೊಳ್ಳಬೇಕು, ಚಾಲುಕ್ಯರ ಕಾಲವನ್ನೂ ತಿಳಿಸಬೇಕು. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಕಾದ ಕಾರಣವಿಲ್ಲ.

ಮೂರು ತಾಲೂಕುಗಳ ಆಡಳಿತದ ಕತೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಹೈದರಾಬಾದ ಸಂಸ್ಥಾನದ ಕಾಲದಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯೊಳಗಿದ್ದವು. ೧೯೫೬ರ ನವೆಂಬರ್ ೧ರಂದು ಅವು ಅಹಮದಪುರದ ಜೊತೆಗೆ ಉಸ್ಮಾನಾಬಾದ ಜಿಲ್ಲೆಯನ್ನು ಸೇರಿ ಮುಂಬಯಿ ರಾಜ್ಯಕ್ಕೂ, ೧೯೬೦ರಲ್ಲಿ ಮಹಾರಾಷ್ಟ್ರಕ್ಕೂ ಹೋದವು. ೧೯೮೨ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. ಉಮರ್ಗಾ ಉಳಿದ ಉಸ್ಮಾನಾಬಾದಿಗೆ ಈಗ ಧಾರಾಶಿವ ಎಂಬ ಹೆಸರು. ಭಾಲ್ಕಿ, ಕಮಲನಗರ, ಉದಗೀರಗಳನ್ನು ಹೊಲಿಯುವ ರೈಲುದಾರಿ ಮಾತ್ರ ಇದ್ದಲ್ಲಿಯೇ ಇದೆ. ಬೀಗತನಗಳೂ ಇದ್ದಲ್ಲಿಯೇ ಇವೆ. ಬದಲಾದದ್ದು ಮಕ್ಕಳ ಲಿಪಿ. ಅಜ್ಜಿ ಕನ್ನಡದಲ್ಲಿ ಜೋಗುಳ ಹಾಡುತ್ತಾಳೆ, ಮೊಮ್ಮಗಳು ಅದನ್ನು ಅರ್ಥ ಮಾಡಿಕೊಳ್ಳುತ್ತಾಳೆ, ಬರೆಯಬೇಕಾದರೆ ದೇವನಾಗರಿಯಲ್ಲಿ ಬರೆಯುತ್ತಾಳೆ. ಊರ ಕಲ್ಲಿನ ಮೇಲಿನ ಅಕ್ಷರಗಳ ಎದುರಿಗೆ ಅಜ್ಜಿಯೂ ಮೊಮ್ಮಗಳೂ ಒಂದೇ ಸಮನೆ ನಿರಕ್ಷರಿಗಳು.

ಊರ ಹೆಸರುಗಳನ್ನು ಓದಲು ಲಿಪಿಯ ಹಂಗೂ ಇಲ್ಲ. ಆಳೂರು, ಯೇಣೆಗೂರು, ಬಲಸೂರು ಎಂದು ಕೂಗಿದರೆ ಓಗೊಡುವ ಊರುಗಳು ಉಮರ್ಗಾ ತಾಲೂಕಿನಲ್ಲಿವೆ. ಉದಗೀರದ ಬಳಿ ಗುಹೆಗಳಿರುವ ಗುಡ್ಡವೊಂದರ ಹೆಸರು ಹತ್ತಿಬೇಟ. ‘ಹತ್ತಿ’ಯೆಂದರೆ ಮರಾಠಿಯಲ್ಲಿ ಆನೆ, ‘ಬೇಟ’ದಲ್ಲಿ ನನಗೆ ಕೇಳಿಸುವುದು ನಮ್ಮ ಬೆಟ್ಟವೇ. ಅರ್ಧ ಅವರದು, ಅರ್ಧ ನಮ್ಮದು. ಇದು ನನ್ನ ಊಹೆ, ಬಲ್ಲವರು ತಿದ್ದಬಹುದು. ಲಾತೂರು ಮಾತ್ರ ಊಹೆಯಲ್ಲ. ಮಾನ್ಯಖೇಟದ ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ತಮ್ಮ ಶಾಸನಗಳಲ್ಲಿ ತಮ್ಮನ್ನು ‘ಲಟ್ಟಲೂರ’ ಪುರದ ಒಡೆಯರೆಂದು ಕರೆದುಕೊಂಡಿದ್ದಾರೆ. ಆ ಲಟ್ಟಲೂರು ಈಗಿನ ಲಾತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಊರ ಹೆಸರುಗಳನ್ನೇ ಹಿಡಿದು ಮಹಾರಾಷ್ಟ್ರದ ಮೂಲವನ್ನು ಹುಡುಕಹೊರಟ ಶಂಬಾ ಜೋಶಿಯವರ ಎಲ್ಲ ನಿರ್ಣಯಗಳನ್ನು ಇಂದು ಒಪ್ಪಬೇಕೆಂದಿಲ್ಲ. ‘ಊರು’ ಎಂದು ಮುಗಿಯುವ ಹೆಸರೆಲ್ಲ ಕನ್ನಡವೇ ಎನ್ನುವಂತೆಯೂ ಇಲ್ಲ. ‘ಪುರ’ ಸವೆದು ‘ಊರ’ ಆದದ್ದೂ ಉಂಟು. ಆದರೆ ಹೆಸರನ್ನು ಕೇಳಿಸಿಕೊಳ್ಳುವುದನ್ನು ಕಲಿಸಿದವರು ಅವರು.

ಹೆಸರು ಉಳಿದು ಊರೇ ಸ್ಥಳ ಬದಲಿಸಿದ ಕತೆಯೂ ಈ ಸೀಮೆಯದೇ. ೧೯೯೩ರ ಸೆಪ್ಟೆಂಬರ್ ೩೦ರ ನಸುಕು, ಗಣೇಶ ವಿಸರ್ಜನೆ ಮುಗಿಸಿ ಮಲಗಿದ ಜನ. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷವಿರುವಾಗ ಕಿಲ್ಲಾರಿಯ ಸುತ್ತಿನ ನೆಲ ನಡುಗಿತು. ಔಸಾ, ನಿಲಂಗಾ ತಾಲೂಕುಗಳಲ್ಲಿ, ಆಗ ಲೋಹಾರಾವನ್ನೂ ಒಳಗೊಂಡಿದ್ದ ಉಮರ್ಗಾ ತಾಲೂಕಿನಲ್ಲಿ ಸಾವಿರಾರು ಜನ ಹಾಸಿಗೆಯಲ್ಲಿಯೇ ಮಣ್ಣಾದರು. ಕೊಂದದ್ದು ಬಹುಮಟ್ಟಿಗೆ ಮನೆಯ ಗೋಡೆಗಳೇ. ಕಾಡುಗಲ್ಲುಗಳನ್ನು ಮಣ್ಣಿನಲ್ಲಿ ಕೂಡಿಸಿ ಎಬ್ಬಿಸಿದ ಮಾರುದ್ದ ದಪ್ಪದ ಗೋಡೆ, ಅದರ ಮೇಲೆ ತಲೆತಲಾಂತರದಿಂದ ಹೊದಿಸಿದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಟ್ಟ ಮಾಳಿಗೆಯೇ ಆ ನಸುಕು ಮೇಲೆ ಕುಸಿಯಿತು. ಆಮೇಲೆ ೫೨ ಹಳ್ಳಿಗಳನ್ನು ಹಳೆಯ ನೆಲದಿಂದ ಎತ್ತಿ ಹೊಸ ನೆಲದಲ್ಲಿ ಕೂರಿಸಿದರು. ಅಗಲವಾದ ನೇರ ರಸ್ತೆ, ಸಾಲುಮನೆ, ಮನೆಗೆ ಅಂಕಿ. ಮಾಡಬೇಕಾದದ್ದೇ, ಮಾಡಿದರು, ಅದಕ್ಕೆ ಹೆಸರಿಡುವುದು ಸಲ್ಲದು. ಆದರೆ ಹಳೆಯ ಊರಿನ ಓಣಿ, ಅಗಸೆ, ಬಾವಿ, ಮಾರುತಿ ಗುಡಿಯ ಮುಂದಿನ ವೀರಗಲ್ಲು ಇವುಗಳೆಲ್ಲ ಎಲ್ಲಿದ್ದವೆಂಬುದು ಆಗ ಬದುಕುಳಿದವರ ನೆನಪಿನಲ್ಲಿ ಮಾತ್ರ ಇದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ನಾಲ್ವತ್ತು ದಾಟಿದೆ. ಆಗ ನಾಲ್ವತ್ತಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಹಳೆಯ ಊರಿನ ನಕ್ಷೆಯನ್ನು ಅವರ ಕೈಯಿಂದಲೇ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಲು ಉಳಿದಿರುವ ಕಾಲ ಬಹಳವಿಲ್ಲ. ಇದಕ್ಕೆ ಪುರಾತತ್ತ್ವ ಇಲಾಖೆ ಬರಬೇಕೆ? ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜನ ಪಕ್ಕದಲ್ಲಿ ಕುಳಿತರೆ ಸಾಲದೆ?

ಪದವಿ, ಪೀಠಗಳಿಲ್ಲದವರೂ ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ದೃಷ್ಟಾಂತ ನೆರೆಯ ಸೊಲ್ಲಾಪುರದಲ್ಲಿಯೇ ಇದೆ. ಆನಂದ ಕುಂಭಾರರು ವಿಶ್ವವಿದ್ಯಾಲಯದ ಆಸನದಿಂದ ಮಾತಾಡಿದವರಲ್ಲ. ಹಳ್ಳಿಯಿಂದ ಹಳ್ಳಿಗೆ ಅಲೆದು ಕಲ್ಲುಗಳನ್ನು ಹುಡುಕಿದವರು. ಅವರೂ ಧಾರವಾಡದ ಶ್ರೀನಿವಾಸ ರಿತ್ತಿಯವರೂ ಸೇರಿ ಸಿದ್ಧಪಡಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ ೧೯೮೮ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡ ಶಾಸನಗಳದೇ ಸಿಂಹಪಾಲು. ಭೀಮಾ, ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ ೯೪೦ರ, ಎಂದರೆ ಕ್ರಿ.ಶ. ೧೦೧೮ರ ಬರಹವೊಂದರಲ್ಲಿ ಅವರು ಗುರುತಿಸಿದ್ದು ಮರಾಠಿಯ ವಾಕ್ಯ. ಕಾಲ ನಮೂದಾಗಿರುವ ಮರಾಠಿ ಬರಹಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಅದು ಸೇರಿತು. ಎಂತಹ ಸೊಗಸು ನೋಡಿ! ಕನ್ನಡ ಕಲ್ಲುಗಳನ್ನು ಅರಸುತ್ತ ನಡೆದವನ ಕೈಗೆ ಮರಾಠಿಯ ಜನ್ಮಪತ್ರಿಕೆಯ ಒಂದು ಹಾಳೆ ಸಿಕ್ಕಿತು. ಅದಕ್ಕೂ ಮೊದಲು ಮರಾಠಿಯವರು ತಮ್ಮ ಮೊದಲ ಸಾಲೆಂದು ಬೊಟ್ಟು ಮಾಡುತ್ತಿದ್ದದ್ದು ಎಲ್ಲಿಯದನ್ನು? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯದನ್ನು. ಅವರ ಹಳೆಯ ಸಾಲು ನಮ್ಮ ಮನೆಯಲ್ಲಿ, ನಮ್ಮ ಹಳೆಯ ಸಾಲುಗಳು ಅವರ ಮನೆಯಲ್ಲಿ.

ಇನ್ನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕಾಲೇಜಿನ ದಿನಗಳಲ್ಲಿ ಹಳ್ಳಿಯೊಂದರ ಮಾರುತಿ ಗುಡಿಯ ಹಿಂದೆ ಸುಣ್ಣ ಮೆತ್ತಿಕೊಂಡಿದ್ದ ಶಾಸನವೊಂದು ಕಣ್ಣಿಗೆ ಬಿತ್ತು. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಉತ್ಸಾಹ ತಡೆಯಲಾರದೆ ಇಟ್ಟಿಗೆಯ ಚೂರು, ತಂತಿಯ ಕುಂಚಗಳಿಂದ ಗಸಗಸನೆ ಉಜ್ಜಿದೆ. ಸುಣ್ಣದ ಜೊತೆಗೆ ಎರಡು ಸಾಲಿನ ಅಕ್ಷರಗಳೂ ಬಂದುವು. ಒಂಬೈನೂರು ಮಳೆಗಾಲಗಳನ್ನು ತಡೆದುಕೊಂಡ ಅಕ್ಷರ ಒಬ್ಬ ಅಭಿಮಾನಿಯ ಒಂದು ಮಧ್ಯಾಹ್ನವನ್ನು ತಡೆದುಕೊಳ್ಳಲಿಲ್ಲ. ಆದ್ದರಿಂದ ನಮ್ಮ ತರುಣರಲ್ಲಿ ಕೈಮುಗಿದು ಕೇಳುತ್ತೇನೆ: ನೀರು, ಮೃದುವಾದ ತೆಂಗಿನ ನಾರು, ಇವಿಷ್ಟೇ ಸಾಕು. ಆಸಿಡ್ಡು ಬೇಡ, ತಂತಿ ಬೇಡ, ಅಕ್ಷರ ಕಾಣಲೆಂದು ಬಣ್ಣ ತುಂಬುವುದಂತೂ ಬೇಡವೇ ಬೇಡ. ಕತ್ತಲಾದ ಮೇಲೆ ಕಲ್ಲಿನ ಬದಿಯಿಂದ ಓರೆಯಾಗಿ ಬ್ಯಾಟರಿಯ ಬೆಳಕು ಬಿಡಿರಿ. ಹಗಲಿನಲ್ಲಿ ನುಣುಪಾಗಿ ತೋರಿದ ಮೈಯಲ್ಲಿ ಅಕ್ಷರಗಳು ನೆರಳು ಕಟ್ಟಿ ಎದ್ದು ನಿಲ್ಲುತ್ತವೆ. ಆ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರ ಬಲ್ಲವರ ಓದಿಗೆ ಬಹಳಷ್ಟು ನೆರವಾಗುತ್ತದೆ. ತೊಯಿಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಅದು ಅರ್ಧ ಒಣಗಿದಾಗ ಮಸಿಯ ಉಂಡೆ ಒತ್ತಿ ಪಡಿಯಚ್ಚು ತೆಗೆಯುವ ಕೆಲಸ ಕಲಿತವರ ಕೈಗೇ ಇರಲಿ.

ಓದಿ ಬಂದ ಮೇಲೆ ಅದು ಏನನ್ನು ಹೇಳುತ್ತದೆ? ಹಳ್ಳಿಯವರು ಚಿನ್ನದ ಕೊಪ್ಪರಿಗೆಯ ಗುಟ್ಟನ್ನು ನಿರೀಕ್ಷಿಸುತ್ತಾರೆ. ಸಾಮಾನ್ಯವಾಗಿ ಅದು ಹೇಳುವುದು ಗುಡಿಯ ದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ, ದೇವರ ನೈವೇದ್ಯಕ್ಕೆ ಇಷ್ಟು ಮತ್ತರು ಭೂಮಿ, ಅದರ ಎಲ್ಲೆಗೆ ಪಡುವಲಲ್ಲಿ ಹಳ್ಳ, ತೆಂಕಲಲ್ಲಿ ಹುಣಸೆಮರ ಎಂದು. ಕೊನೆಯಲ್ಲಿ, ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ. ಚಾಲುಕ್ಯ ವಿಕ್ರಮ ವರ್ಷವನ್ನು ನಮೂದಿಸಿದ್ದರೆ ಅದಕ್ಕೆ ೧೦೭೫ನ್ನು ಕೂಡಿಸಿರಿ, ಶಕ ವರ್ಷವಾದರೆ ೭೮ನ್ನು ಕೂಡಿಸಿರಿ. ಹೆಚ್ಚುಕಡಿಮೆ ಕ್ರಿಸ್ತವರ್ಷ ದೊರೆಯುತ್ತದೆ. ಈ ಎಣ್ಣೆ, ಹಳ್ಳ, ಹುಣಸೆಮರಗಳ ಲೆಕ್ಕ ನೀರಸವೆಂದು ಪಂಡಿತರಿಗೆ ತೋರಬಹುದು. ಹಳ್ಳಿಯ ಚಾವಡಿಯಲ್ಲಿ ಗಟ್ಟಿಯಾಗಿ ಓದಿ ನೋಡಿ! ಆ ಹಳ್ಳ ಇನ್ನೂ ಹರಿಯುತ್ತಿರುತ್ತದೆ. ಗಾಣಿಗರ ಮನೆತನವೊಂದು ಎದುರಿಗೇ ಕುಳಿತಿರುತ್ತದೆ.

ಆದರೂ ಕಲ್ಲನ್ನು ತೋರಿಸಲು ಹಳ್ಳಿಯವರು ಹಿಂಜರಿಯುವುದುಂಟು. ಕಾರಣಗಳು ಎರಡು. ಒಂದು, ನಿಧಿಗಳ್ಳರು. ಕಲ್ಲಿನ ಸುದ್ದಿ ಹಬ್ಬಿದ ವಾರದೊಳಗೆ ಬುಡ ಅಗೆದು ಹಾಕಿದ ಉದಾಹರಣೆಗಳುಂಟು. ಕಲ್ಲಿನಲ್ಲಿ ನಿಧಿಯ ಮಾತಿಲ್ಲವೆಂಬುದನ್ನು ಊರಿಗೆಲ್ಲ ಓದಿ ಹೇಳುವುದೇ ಇದಕ್ಕೆ ಮದ್ದು. ಎರಡನೆಯ ಭಯ ನಮ್ಮನ್ನು ಕುರಿತದ್ದು. ಕನ್ನಡ ಅಕ್ಷರ ಸಿಕ್ಕಿತೆಂದರೆ ‘ಈ ಊರು ನಮ್ಮದಾಗಿತ್ತು’ ಎಂದು ಪತ್ರಿಕೆಯಲ್ಲಿ ಬರುತ್ತದೆ, ಮರುದಿನ ಇನ್ನೊಂದು ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರುತ್ತದೆ. ನಡುವೆ ಸಿಕ್ಕಿದ ಊರವರು ಕಲ್ಲಿನ ಮೇಲೆ ಮತ್ತೊಂದು ಸಲ ಸುಣ್ಣ ಬಳಿಯುತ್ತಾರೆ. ಗಡಿಯ ವಾದ ತನ್ನ ದಾರಿಯಲ್ಲಿ ನಡೆಯಲಿ, ನ್ಯಾಯಾಲಯವಿದೆ. ಕಲ್ಲನ್ನು ಸಾಕ್ಷಿಕಟ್ಟೆಗೆ ಎಳೆದೊಯ್ಯುವವರು ಮೊದಲು ಕಳೆದುಕೊಳ್ಳುವುದು ಆ ಕಲ್ಲನ್ನೇ. ನನ್ನ ಈ ಮಾತಿಗೆ ನಮ್ಮವರಲ್ಲಿಯೇ ಕೆಲವರು ಮುನಿದದ್ದುಂಟು, ಮುನಿಯಲಿ. ಕಲ್ಲಿನ ಪಕ್ಕದಲ್ಲಿ ಫಲಕ ಹಾಕುವುದಾದರೆ ಎರಡು ಲಿಪಿಗಳಲ್ಲಿಯೂ ಹಾಕಬೇಕು. ಮರಾಠಿಯ ಪಾಠವನ್ನು ಆ ಊರಿನ ಮಾಸ್ತರರೇ ಬರೆಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ಕಲ್ಲಿಗೆ ಅಲ್ಲಿಯ ನಿವಾಸಿಗಳೂ ಶಾಸನಪ್ರಿಯರೂ ಸೇರಿ ಮಂಟಪ ಕಟ್ಟಿದರು. ಅವರಲ್ಲಿ ಎಲ್ಲರ ಮನೆಮಾತೂ ಕನ್ನಡವೇ ಆಗಿದ್ದಿರಲಾರದು.

ಹಂಚಿಕೊಳ್ಳುವುದು ಈ ನೆಲಕ್ಕೆ ಹೊಸತೂ ಅಲ್ಲ. ವೀರಶೈವ ತತ್ತ್ವವನ್ನು ಮರಾಠಿಯಲ್ಲಿ ‘ಪರಮರಹಸ್ಯ’ವೆಂದು ಬರೆದ ಮನ್ಮಥಸ್ವಾಮಿಗಳ ಹೆಸರು ನಿಲಂಗಾಕ್ಕೆ ಅಂಟಿಕೊಂಡಿದೆ. ಕಲ್ಯಾಣದಲ್ಲಿ ಕನ್ನಡದಲ್ಲಿ ಹೊಮ್ಮಿದ್ದನ್ನು ಮಂಜರಾ ನದಿಯ ದಂಡೆಯ ಜನ ತಮ್ಮ ನುಡಿಯಲ್ಲಿ ಕೇಳಿಸಿಕೊಂಡ ಬಗೆ ಅದು. ಅಣದೂರು, ನಳದುರ್ಗಗಳ ಖಂಡೋಬ ನಮ್ಮ ಮೈಲಾರನೇ. ಎರಡು ಊರುಗಳಲ್ಲಿ ಸರದಿಯ ಮೇಲೆ ವಾಸ ಮಾಡುವ ಆ ದೇವರಿಗೆ ಎರಡು ಭಾಷೆಗಳು ಭಾರವಾದಾವೆ? ಪಂಢರಪುರದ ವಿಠ್ಠಲನ ಕನ್ನಡ ನಂಟನ್ನು ವಿಸ್ತಾರವಾಗಿ ತೆರೆದಿಟ್ಟವರು ರಾ. ಚಿಂ. ಢೇರೆಯವರು, ೧೯೮೪ರ ಆ ಗ್ರಂಥ ಬಂದದ್ದು ಮರಾಠಿಯಲ್ಲಿ. ಅವರಂತೆ ನಾವು ಯಾರ ಮನೆಯ ಬಾಗಿಲಲ್ಲಿ ನಿಂತು ಅವರ ನುಡಿಯಲ್ಲಿ ಕೇಳಿದ್ದೇವೆ?

ಉಮರ್ಗಾದ ಆ ಹೊಲಕ್ಕೆ ಮರುವರ್ಷವೂ ಹೋಗಿದ್ದೆ. ಹಿರಿಯರಿಗೆ ಕಾಲು ನೋವು. ಮಡಕೆಯನ್ನು ಮಗನ ಕೈಗೆ ಕೊಟ್ಟು ಕೊಂಪೆಯ ನೆರಳಿನಲ್ಲಿ ಕುಳಿತಿದ್ದರು. ಊಟವಾದ ಮೇಲೆ ಹುಡುಗ ತನ್ನ ಶಾಲೆಯ ಚೀಲದಿಂದ ನೋಟುಪುಸ್ತಕವೊಂದನ್ನು ತೆಗೆದ. ಮೊದಲ ಪುಟದಲ್ಲಿ ಮೂರು ಮನೆಗಳನ್ನು ಗೆರೆ ಹೊಡೆದಿದ್ದ. ಮೊದಲನೆಯ ಮನೆಯಲ್ಲಿ ಅಜ್ಜನ ಕೂಗನ್ನು ದೇವನಾಗರಿಯಲ್ಲಿ ಬರೆದಿದ್ದ. ಎರಡನೆಯದನ್ನು ನನ್ನ ಮುಂದೆ ಹಿಡಿದು, ಸೋದರಮಾವನ ಕೂಗನ್ನು ಕನ್ನಡದಲ್ಲಿ ಬರೆಯಲು ಹೇಳಿದ, ಬರೆದೆ. ‘ಅರ್ಥ’ ಎಂದು ಮೇಲೆ ಬರೆದಿದ್ದ ಮೂರನೆಯ ಮನೆ ಇನ್ನೂ ಖಾಲಿ ಇದೆ. ನಮ್ಮ ಓದುಗರಲ್ಲಿ ಯಾರ ಮನೆಯ ಹಿರಿಯರಿಗಾದರೂ ತಿಳಿದಿದ್ದರೆ ದಯಮಾಡಿ ಬರೆದು ತಿಳಿಸಬೇಕು. ಅವರ ಊರು, ಅವರ ಮನೆಯಲ್ಲಿ ಕೂಗುವ ಬಗೆ, ಯಾರಿಂದ ಕೇಳಿದ್ದೆಂಬುದು, ಇವಿಷ್ಟನ್ನೂ ಜೊತೆಯಲ್ಲಿ ಬರೆಯಬೇಕೆಂದು ಹುಡುಗ ಹೇಳಿಕಳಿಸಿದ್ದಾನೆ.